ದೂಜನ ಟೆರೇಸಿಗೆ ಹಲ್ಲು ಬಂದದ್ದು

ಭಾಂಡುಪ್ ಸ್ಟೇಷನ್ನಿನಿಂದ ಹೊರಬಿದ್ದವರಿಗೆ ದೂಜನ ಹೋಟೆಲಿನ ದಾರಿಯನ್ನು ಯಾರೂ ಹೇಳಬೇಕಾಗಿಲ್ಲ. ಮೂಗೇ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಅವನ ಅಡುಗೆಮನೆಯಲ್ಲಿ ಸಾಂಬಾರಿಗೆ ಒಗ್ಗರಣೆ ಬಿದ್ದರೆ ಮುಲುಂಡಿನಲ್ಲಿ ಜನ ಸೀನುತ್ತಾರೆ, ಥಾಣೆಯಲ್ಲಿ ನಾಲಗೆ ಚಪ್ಪರಿಸುತ್ತಾರೆ, ಅದರಾಚೆಗಿನವರು ಇವತ್ತು ಯಾಕೋ ಹಸಿವು ಹೆಚ್ಚೆಂದು ಇನ್ನೆರಡು ಚಪಾತಿ ತಿಂದು ಮಲಗುತ್ತಾರೆ.

ಆದರೂ ದೂಜನ ಹೆಮ್ಮೆ ಸಾಂಬಾರಿನ ಮೇಲಿರಲಿಲ್ಲ, ಸ್ಟೀಲಿನ ತಟ್ಟೆಗಳ ಮೇಲಿತ್ತು. ಇಡ್ಲಿ ಬರುವ ಮೊದಲು ಗಿರಾಕಿಗಳು ಆ ತಟ್ಟೆಯಲ್ಲಿ ಮುಖ ನೋಡಿಕೊಂಡು ಕ್ರಾಪು ತೀಡಿಕೊಳ್ಳುತ್ತಿದ್ದರು. ಎದುರಿನ ಸಲೂನಿನವನಂತೂ ತನ್ನ ದೊಡ್ಡ ಕನ್ನಡಿಯನ್ನು ಮಾರಿ ದೂಜನಿಂದ ಒಂದು ತಟ್ಟೆ ಕೇಳೋಣವೇ ಎಂದು ಯೋಚಿಸಿದ್ದನಂತೆ. ತಟ್ಟೆಗೆ ಕೂದಲೆಳೆಯಷ್ಟು ಗೀರು ಬಿದ್ದರೂ ದೂಜನಿಗೆ ಆ ದಿನ ಊಟ ಇಳಿಯುತ್ತಿರಲಿಲ್ಲ. "ಗೀರು ಬಿದ್ದ ತಟ್ಟೆಯಲ್ಲಿ ನಿನ್ನ ಅತ್ತೆಗೆ ಬಡಿಸ್ತೀಯಾ ಮಾರಾಯಾ? ಇಲ್ಲ ಅಲ್ವಾ? ಮತ್ತೆ ನನ್ನ ಗಿರಾಕಿಗೆ ಯಾಕೆ?" ಎಂದು ಪಾತ್ರೆ ತೊಳೆಯುವವರ ತಲೆ ತಿನ್ನುತ್ತಿದ್ದ.

ಇಂಥ ದೂಜ ಸೊಸೈಟಿಯವರನ್ನು ಒಪ್ಪಿಸಿ, ಹೋಟೆಲಿನ ಮೇಲಿನ ಬಿಲ್ಡಿಂಗಿನ ಟೆರೇಸಿನಲ್ಲಿ ಸೋಲಾರ್ ಹಾಕಿಸಿದ. ಗ್ರೈಂಡರು ತಿರುಗಿಸುವುದಕ್ಕೆ ಸೂರ್ಯನನ್ನೇ ಕೆಲಸಕ್ಕಿಟ್ಟುಕೊಂಡಿದ್ದೇನೆ, ಭಾನುವಾರವೂ ರಜೆ ಕೇಳುವುದಿಲ್ಲ, ಊರಿಗೆ ಹೋಗುತ್ತೇನೆಂದು ಅಡ್ವಾನ್ಸೂ ಕೇಳುವುದಿಲ್ಲ ಎಂದು ಬೊರಿವಲಿಯ ನೆಂಟರಿಗೆಲ್ಲ ಫೋನು ಮಾಡಿ ಹೇಳಿದ. ಪ್ಯಾನೆಲ್ಲುಗಳು ಬಂದಾಗ ಅವುಗಳ ಅಲ್ಯೂಮಿನಿಯಮ್ ಫ್ರೇಮು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ದೂಜ ಅದನ್ನು ಕೈಯಿಂದ ಸವರಿ, ಪಂಚೆಯ ಅಂಚಿನಿಂದ ಒರೆಸಿ, ಹಸುಗೂಸನ್ನು ನೋಡಿದಂತೆ ನೋಡಿದ.

ಆಗಲೇ ಫಿಟ್ಟಿಂಗಿನವರು ಚೀಲದಿಂದ ವಾಶರುಗಳನ್ನು ಸುರಿದರು. ಸುತ್ತಲೂ ಚೂಪು ಹಲ್ಲುಗಳಿದ್ದ ಪುಟ್ಟ ಬಿಲ್ಲೆಗಳು. ಬೋಲ್ಟಿನ ಕೆಳಗೆ ಇವನ್ನಿಟ್ಟು ಬಿಗಿಯಬೇಕಂತೆ.

"ಇದೆಂತದು, ಗರಗಸದ ಮರಿಯಾ?" ಎಂದು ದೂಜ ಎದೆ ಹಿಡಿದುಕೊಂಡ. "ಹೊಸ ಫ್ರೇಮಿಗೆ ಇದನ್ನು ತಿರುಗಿಸಿದರೆ ಗೀರು ಬೀಳೂದಿಲ್ವಾ?"

ಬೀಳುತ್ತದೆ ಎಂದರು ಅವರು. ಅಷ್ಟು ಸಾಕಾಯಿತು. ಇಡ್ಲಿ ಸ್ಟೀಮರಿಗೆ ರಬ್ಬರು ಕೊಡುವವನಿಗೆ ಆ ಕ್ಷಣವೇ ಫೋನು ಹೋಯಿತು. ದಪ್ಪ, ಮೆತ್ತನೆಯ, ಅಪ್ಪಟ ರಬ್ಬರಿನ ವಾಶರುಗಳು ಬಂದವು. ಫ್ರೇಮಿನ ಅಡಿಗೊಂದು, ಬೋಲ್ಟಿನ ತಲೆಗೊಂದು, ಸಾಲದೆಂದು ಬೋಲ್ಟಿನ ಮೈಗೂ ಒಂದು ರಬ್ಬರಿನ ಅಂಗಿ. ಫಿಟ್ಟಿಂಗಿನವರು ಹೆಗಲು ಕುಣಿಸಿ ಗಿರಾಕಿಯ ಇಷ್ಟ ಎಂದು ಹೊರಟುಹೋದರು. ಇಂಥ ಕೆಲಸವನ್ನೇ ಓದಿ, ಇಂಥದ್ದೇ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಮಗಳು ಜ್ಯೋತ್ಸ್ನಾ ಆಗ ನಾಸಿಕದ ಸೈಟಿನಲ್ಲಿದ್ದಳು. ಅವಳನ್ನೊಂದು ಮಾತು ಕೇಳಬಹುದಿತ್ತು. ಕೇಳಿದರೆ ಸೋಲಾರಿನ ಹೆಸರೆಲ್ಲ ಅವಳಿಗೆ ಹೋಗುತ್ತದೆಂದು ದೂಜ ಕೇಳಲಿಲ್ಲ. ಕರೆಂಟು ಕಂಪನಿಯ ಇನ್‌ಸ್ಪೆಕ್ಟರು ನೋಡಿ ಸಹಿ ಹಾಕುವ ಮೊದಲೇ 'ಟ್ರಯಲ್' ಎಂಬ ಹೆಸರಿನಲ್ಲಿ ಸ್ವಿಚ್ಚೂ ಹಾಕಿಬಿಟ್ಟ.

ಅಲ್ಲಿಂದ ಶುರುವಾಯಿತು ಅಪ್ಪಿಯ ಆಸ್ಪತ್ರೆ.

ಅಪ್ಪಿ ಎಂದರೆ ದೂಜನ ತಾಯಿ. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಬರವಿಲ್ಲ. ಉಡುಪಿಯ ಕಡೆಯಲ್ಲಿ ಇಡೀ ಬೈಲಿನ ಗದ್ದೆ ಬೇಸಾಯವನ್ನೇ ನಡೆಸಿದ್ದ ಹೆಂಗಸು ಮುಂಬೈಗೆ ಬಂದ ಮೇಲೆ ನಾಲ್ಕನೇ ಮಾಳಿಗೆಯ ಕಿಟಕಿಯಲ್ಲಿ ಕೂತು ಕಾಗೆಗಳ ಜೊತೆ ಜಗಳವಾಡಿ ಹೊತ್ತು ಕಳೆಯುತ್ತಿದ್ದಳು. ಒಂದು ಬೆಳಿಗ್ಗೆ ಟೆರೇಸಿನಲ್ಲಿ ಹಪ್ಪಳ ಒಣಹಾಕಿ, ಏಳುವುದಕ್ಕೆಂದು ಪ್ಯಾನೆಲ್ಲಿನ ಫ್ರೇಮು ಹಿಡಿದಳು. ಅಂಗೈಯಿಂದ ಮೊಣಕಾಲಿನವರೆಗೆ 'ಜುಂ' ಎಂದಿತು. ಅಪ್ಪಿ ನೆಟ್ಟಗೆ ನಿಂತಳು. ಕೈಕಂಬಿ ಮುಟ್ಟದೆ ನಾಲ್ಕೂ ಮಾಳಿಗೆ ಇಳಿದು, ನೇರ ಹೋಟೆಲಿನ ಅಡುಗೆಮನೆಗೆ ನುಗ್ಗಿ, ಚಟ್ನಿಗೆ ಉಪ್ಪು ಕಡಿಮೆಯೆಂದು ಭಟ್ಟರಿಗೆ ಬೈದು, ಬಂದ ದಾರಿಯಲ್ಲೇ ಹತ್ತಿ ಹೋದಳು.

ಇಷ್ಟು ಸಾಕಲ್ಲವೇ? ಎರಡನೇ ಮಾಳಿಗೆಯ ಸುಂದ್ರವ್ವ ಮೊದಲು ಬಂದಳು. ಬಾಗಲಕೋಟೆಯ ಕಡೆಯವಳು, ರೊಟ್ಟಿ ಬಡಿದು ಮಾರುವವಳು. ಅವಳು ಬಡಿದ ರೊಟ್ಟಿಗಳನ್ನು ಸಾಲಾಗಿ ಹಾಸಿದರೆ ಪುಣೆಗೆ ಎಕ್ಸ್‌ಪ್ರೆಸ್ ವೇ ಆಗುತ್ತಿತ್ತು, ಅಂಥ ಮೊಣಕೈ ನೋವು. ಫ್ರೇಮು ಮುಟ್ಟಿದವಳೇ ಕಣ್ಣರಳಿಸಿ, "ಯವ್ವಾ! ಜುಮ್ಮ್ ಅಂತ ಎಲುಬಿನಾಗ ಹೋತ್ರಿ!" ಎಂದಳು. ಅವಳ ಹಿಂದೆ, ಮೊದಲ ಮಾಳಿಗೆಯ ಮೈಸೂರಿನ ಶಾಮಣ್ಣನವರು ತಮ್ಮ ಕತ್ತು ಹಿಡಿದುಕೊಂಡು ಬಂದರು. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ತಲೆ ತಗ್ಗಿಸಿಕೊಂಡಿದ್ದ ಕತ್ತು ಅದು. ಅವರಿಂದ ಸುದ್ದಿ ಧಾರಾವಿಗೆ ಹೋಯಿತು, ಬೊರಿವಲಿಗೆ ಹೋಯಿತು. ಟೆರೇಸಿನ ಸಾಲು ಮೆಟ್ಟಿಲು ಇಳಿದು ಪಾನ್ ಅಂಗಡಿಯವರೆಗೆ ಬಂತು.

ಅಪ್ಪಿಯ ನಿಯಮಗಳು ಕಟ್ಟುನಿಟ್ಟು. ಸೊಂಟಕ್ಕೆ ಎಡಗೈ, ಮಂಡಿಗೆ ಬಲಗೈ. ಚಪ್ಪಲಿ ಬಿಟ್ಟು ಬರಬೇಕು. ಅವಳೇ ಮಣಿಕಟ್ಟು ಹಿಡಿದು ಒತ್ತಿ, ಸಾಕೆನ್ನುವವರೆಗೆ ಬಿಡುತ್ತಿರಲಿಲ್ಲ. ಜನ ಅವಳನ್ನು ಡಾಕ್ಟರಮ್ಮ ಎಂದರು. ಕಾಗೆಗಳಿಗೆ ಬೈಯುವುದಕ್ಕೆ ಅವಳಿಗೆ ಪುರುಸೊತ್ತೇ ಇಲ್ಲವಾಯಿತು. ತಾಯಿ ಸಂಜೆ ಊಟಕ್ಕೆ ಕೂತು ಇವತ್ತಿನ ಕೇಸುಗಳನ್ನು ವಿವರಿಸುವಾಗ ದೂಜನಿಗೆ ಕಣ್ಣು ತುಂಬುತ್ತಿತ್ತು. ಇಷ್ಟು ವರ್ಷ ಅವಳು ಇಷ್ಟು ನಕ್ಕಿದ್ದನ್ನು ಅವನು ಮುಂಬೈಯಲ್ಲಿ ನೋಡಿರಲಿಲ್ಲ.

ಮೇ ತಿಂಗಳ ಕೊನೆಗೆ ಜ್ಯೋತ್ಸ್ನಾ ನಾಸಿಕದಿಂದ ಬಂದಳು. ಸಾಲು ನೋಡಿದಳು, ಅಜ್ಜಿಯನ್ನು ನೋಡಿದಳು, ಬ್ಯಾಗಿನಿಂದ ಟೆಸ್ಟರ್ ತೆಗೆದು ಫ್ರೇಮಿಗೆ ಒತ್ತಿದಳು. ಟೆಸ್ಟರಿನ ದೀಪ ಹತ್ತಿತು. ಮೆಟ್ಟಿಲ ಬಳಿಯ ಮುಖ್ಯ ಸ್ವಿಚ್ಚಿನತ್ತ ಅವಳು ಓಡಿದ ವೇಗಕ್ಕೆ ಟೆರೇಸಿನಲ್ಲಿ ಒಣಹಾಕಿದ್ದ ಸೀರೆಗಳೆಲ್ಲ ಹಿಂದೆಯೇ ಹಾರಿದವು.

"ಪಪ್ಪಾ, ಫ್ರೇಮಿಗೆ ಅರ್ಥಿಂಗೇ ಇಲ್ಲ! ಬೋಲ್ಟಿಗೆ ಈ ರಬ್ಬರ್ ಯಾರು ಹಾಕಿದ್ದು?"

"ನಾನೇ. ಫಸ್ಟ್ ಕ್ಲಾಸ್ ಮಾಲು. ಸ್ಟೀಮರಿನದ್ದು. ಒಂದು ಚೂರು ಲೀಕ್ ಆಗೂದಿಲ್ಲ."

"ಲೀಕ್ ಆಗಬೇಕು ಪಪ್ಪಾ! ಅರ್ಥಿಂಗ್ ಅಂದ್ರೆ ಅದೇ!" ಎಂದು ಜ್ಯೋತ್ಸ್ನಾ ತಲೆ ಚಚ್ಚಿಕೊಂಡಳು. ಫ್ರೇಮಿಗೆ ದಾರಿ ತಪ್ಪಿ ಬಂದ ಕರೆಂಟು ಬೋಲ್ಟಿನ ಮೂಲಕ ಕೆಳಗಿನ ಕಬ್ಬಿಣಕ್ಕೆ, ಅಲ್ಲಿಂದ ತಂತಿ ಹಿಡಿದು ನೆಲಕ್ಕೆ ಇಳಿಯಬೇಕು. ರಬ್ಬರು ಆ ದಾರಿಯನ್ನು ಮುಚ್ಚಿತ್ತು. ರಬ್ಬರು ತೆಗೆದು ನುಣುಪು ವಾಶರು ಹಾಕಿದರೂ ಸಾಲದು. ಆ ಬೆಳ್ಳಿಯಂಥ ಹೊಳಪಿನ ಮೇಲೆ ಕಣ್ಣಿಗೆ ಕಾಣದ ಒಂದು ಲೇಪವಿದೆ, ಅದೂ ಕರೆಂಟನ್ನು ಬಿಡುವುದಿಲ್ಲ. "ಅದನ್ನು ಗೀರಿ ಒಳಗೆ ಹೋಗುವ ಹಲ್ಲು ಬೇಕು. ಈಗ ಕರೆಂಟ್ ನೆಲಕ್ಕೆ ಹೋಗೋಕೆ ಅಜ್ಜಿಯನ್ನೇ ದಾರಿ ಮಾಡ್ಕೊಂಡಿದೆ. ಬಿಸಿಲಲ್ಲಿ ಜುಂ ಅಂತಿದೆ ಅಷ್ಟೆ. ಮಳೆ ಬಂದು ಕಾಲು ಒದ್ದೆ ಆದ್ರೆ ಜುಂ ಅನ್ನೋಕೆ ಯಾರೂ ಉಳಿಯಲ್ಲ. ಶನಿವಾರ ಇನ್‌ಸ್ಪೆಕ್ಟರ್ ಬರ್ತಾರೆ, ಅಷ್ಟರೊಳಗೆ ಎಲ್ಲಾ ಚೇಂಜ್."

ಮರುದಿನ ಸಾಲು ಬಂತು, ಜುಂ ಬರಲಿಲ್ಲ. ಸುಂದ್ರವ್ವ ಫ್ರೇಮನ್ನು ಹಿಟ್ಟು ನಾದಿದಂತೆ ನಾದಿದಳು, ಏನೂ ಇಲ್ಲ. ಜನ ಗೊಣಗುತ್ತ ಇಳಿದುಹೋದರು. ಅಪ್ಪಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಧ್ಯಾಹ್ನ ಗಂಜಿ ಬೇಡವೆಂದಳು, ಸಂಜೆ ಬಂಗುಡೆ ಮೀನಿನ ಸಾರೂ ಬೇಡವೆಂದಳು. ಬಂಗುಡೆ ಬೇಡವೆಂದ ಅಪ್ಪಿಯನ್ನು ದೂಜ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನನ್ನ ಕೈಗುಣ ಹೋಯ್ತು ಮಗಾ," ಎಂದಳು ಗೋಡೆಗೆ.

ಇದೊಂದು ಮಾತು ದೂಜನ ಕರುಳಿನಲ್ಲಿ ಕೂತುಬಿಟ್ಟಿತು. ಜ್ಯೋತ್ಸ್ನಾ ಅವನನ್ನು ಹಿತೇಶನ ಹಾರ್ಡ್‌ವೇರ್ ಅಂಗಡಿಗೆ ಎಳೆದುಕೊಂಡು ಹೋದಾಗಲೂ ಅವನು ಆ ಮಾತನ್ನೇ ಮೆಲ್ಲುತ್ತಿದ್ದ. ಆ ಅಂಗಡಿ ಬಾಗಿಲಿನಷ್ಟೇ ಅಗಲ, ಆದರೆ ಅದರ ಡಬ್ಬಗಳಲ್ಲಿರುವ ನಟ್ಟುಬೋಲ್ಟು ಬಿಚ್ಚಿ ಹಾಕಿದರೆ ಇನ್ನೊಂದು ಮುಂಬೈ ಜೋಡಿಸಬಹುದು.

"ಆವೋ ದೂಜಾ ಶೇಟ್!" ಎಂದು ಹಿತೇಶ್ ವಾಶರುಗಳ ಡಬ್ಬ ಸುರಿದ.

ದೂಜ ನುಣ್ಣನೆಯದೊಂದನ್ನು ಎತ್ತಿದ. "ಇದು ಚೆಂದ ಉಂಟು."

"ಅದು ಜಾರತ್ತೆ, ಗೀರಲ್ಲ," ಎಂದಳು ಜ್ಯೋತ್ಸ್ನಾ.

"ಈ ಸುರುಳಿದು?"

"ಸ್ಪ್ರಿಂಗ್ ವಾಶರ್. ನಟ್ ಬಿಗಿಯಾಗಿ ಹಿಡಿಯತ್ತೆ, ಆದ್ರೆ ಅದನ್ನು ನಂಬಿ ಅರ್ಥಿಂಗ್ ಬಿಡೋಕಾಗಲ್ಲ."

"ತಾಮ್ರದ್ದು? ದೇವರ ಚೊಂಬಿನ ಲೋಹ, ಶ್ರೇಷ್ಠ."

"ತಾಮ್ರ ಮತ್ತೆ ಅಲ್ಯೂಮಿನಿಯಮ್ ತಾಗಿಸಿ ಈ ಉಪ್ಪು ಗಾಳಿಗೆ ಬಿಟ್ರೆ ಫ್ರೇಮು ತೂತು ಬೀಳತ್ತೆ ಪಪ್ಪಾ. ಮಾಮೂಲಿ ಕಬ್ಬಿಣ ಒಂದೇ ಮಳೆಗಾಲಕ್ಕೆ ತುಕ್ಕು. ಸ್ಟೇನ್‌ಲೆಸ್ ಬೇಕು, ಹಲ್ಲಿರೋದು ಬೇಕು."

ಹಿತೇಶ್ ಒಂದು ಹಲ್ಲಿನ ವಾಶರನ್ನು ಹರಳಿನುಂಗುರ ತೋರಿಸುವವನಂತೆ ಎರಡು ಬೆರಳಲ್ಲಿ ಹಿಡಿದ. "ಶೇಟ್, ಏ ಲೋ. ಐಸಾ ಕಾಟೇಗಾ ಕಿ ಛೋಡೇಗಾ ನಹೀಂ." ಒಮ್ಮೆ ಕಚ್ಚಿದರೆ ಬಿಡುವುದೇ ಇಲ್ಲವಂತೆ.

"ಬೇಕಾದರೆ ನನ್ನ ಕೆನ್ನೆಯ ಮೇಲೆ ತಿರುಗಿಸು, ಫ್ರೇಮಿಗೆ ಬೇಡ," ಎಂದು ದೂಜ ಹಿಟ್ಟು ಹುಳಿ ಬಂದಿರಬಹುದೆಂಬ ನೆಪ ಹೇಳಿ ಬರಿಗೈಯಲ್ಲಿ ಎದ್ದು ಬಂದ. ಗೀರಿನ ಸಂಕಟ ಅರ್ಧ ಮಾತ್ರ. ಆ ಹಲ್ಲು ಫ್ರೇಮಿಗೆ ಇಳಿದ ದಿನ ಅಮ್ಮನ ಆಸ್ಪತ್ರೆಗೆ ಖಾಯಂ ಬೀಗ ಎಂಬುದು ಉಳಿದರ್ಧ.

ಮರುದಿನ ಬೆಳಿಗ್ಗೆ, ಮಗಳು ಸ್ನಾನಕ್ಕೆ ಹೋದ ಹೊತ್ತು ನೋಡಿ, ದೂಜ ಕಳ್ಳಹೆಜ್ಜೆಯಲ್ಲಿ ಹತ್ತಿ ಸ್ವಿಚ್ಚು ಹಾಕಿದ. ಆಕಾಶ ತಿಳಿಯಾಗಿತ್ತು. ಒಂದೇ ಒಂದು ದಿನ, ಅಮ್ಮ ಒಂದು ತುತ್ತು ಉಂಡರೆ ಸಾಕು ಎಂದುಕೊಂಡ. "ಅಮ್ಮಾ, ನಿನ್ನ ಕೈಗುಣ ವಾಪಸ್ ಬಂದಿದೆ!" ಎಂಬ ಒಂದು ಕೂಗಿಗೆ ಅಪ್ಪಿ ಎದ್ದು ಸೆರಗು ಸಿಕ್ಕಿಸಿದಳು. ಗಳಿಗೆಯೊಳಗೆ ಸಾಲು ಕೂಡಿತು. ಸುಂದ್ರವ್ವನೇ ಮೊದಲು.

ಪವಯಿ ಗುಡ್ಡದ ಹಿಂದೆ ಅಡಗಿ ಕೂತಿದ್ದ ಮೋಡ ಇದನ್ನೇ ಕಾಯುತ್ತಿತ್ತೋ ಏನೋ. ಗುಡುಗಿಲ್ಲ, ಮಿಂಚಿಲ್ಲ, ಹೇಳದೆ ಕೇಳದೆ ಬಂದು ಟೆರೇಸಿನ ಮೇಲೆ ಒಂದು ಕೊಡ ನೀರು ಸುರಿದಂತೆ ಸುರಿಯಿತು. ಸುಂದ್ರವ್ವನ ಅಂಗೈ ಫ್ರೇಮಿಗೆ ತಾಗಿತೋ ಇಲ್ಲವೋ, ಅವಳು ಹಾರಿದಳು. ಎಷ್ಟು ಎತ್ತರವೆಂದು ಅಳೆದವರಿಲ್ಲ. ಸಾಂತಾಕ್ರೂಜಿನಲ್ಲಿ ಇಳಿಯಬೇಕಿದ್ದ ವಿಮಾನವೊಂದು ಇನ್ನೊಂದು ಸುತ್ತು ಹಾಕಿ ಬಂತೆಂದು ಪಾನ್ ಅಂಗಡಿಯವನು ಇವತ್ತಿಗೂ ಆಣೆಯಿಡುತ್ತಾನೆ. ಇಳಿದದ್ದು ಹಪ್ಪಳದ ಚಾಪೆಯ ಮೇಲೆ.

"ಯಪ್ಪೋ! ಡಾಕ್ಟರಮ್ಮಾ, ಡೋಸ್ ಭಾಳ ಆತ್ರಿ!"

"ನಿನಗೆ ಹಿಡಿಯಲಿಕ್ಕೇ ಬರೂದಿಲ್ಲ. ನೋಡು, ಹೀಗೆ!" ಎಂದು ಅಪ್ಪಿ ಒದ್ದೆ ನೆಲದಲ್ಲಿ ಬರಿಗಾಲೂರಿ, ಒದ್ದೆ ಕೈಯನ್ನು ಫ್ರೇಮಿನತ್ತ ಚಾಚಿದಳು.

ದೂಜ ಮೆಟ್ಟಿಲ ಬಳಿಯಿದ್ದ. ಕೂಗಿ ತಡೆಯುವಷ್ಟು ಹೊತ್ತಿರಲಿಲ್ಲ. ಕೈ ಮಾತ್ರ ಸ್ವಿಚ್ಚಿಗೆ ಹೋಗಿ ಬಿತ್ತು. ಅಪ್ಪಿಯ ಬೆರಳು ಫ್ರೇಮು ಮುಟ್ಟುವುದಕ್ಕೂ ಸ್ವಿಚ್ಚು 'ಟಕ್' ಎನ್ನುವುದಕ್ಕೂ ನಡುವೆ ಒಂದು ಮಳೆಹನಿಯೂ ತೂರುತ್ತಿರಲಿಲ್ಲ. ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಈ ಸಲ ಇದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆಯಿಲ್ಲ: ದೂಜ ಅವತ್ತು ಮಧ್ಯಾಹ್ನದವರೆಗೆ ಒಂದೇ ಒಂದು ತಟ್ಟೆಯ ಗೀರನ್ನೂ ನೋಡಲಿಲ್ಲ.

ಜನ ಹೋದ ಮೇಲೆ ಅವನು ತಾಯಿಯ ಕಾಲ ಬಳಿ ಕೂತು ಎಲ್ಲ ಹೇಳಿದ. ರಬ್ಬರು, ಲೇಪ, ಹಲ್ಲು, ಮಳೆ.

"ಹಾಗಾದ್ರೆ ಅದು ನನ್ನ ಕೈಗುಣ ಅಲ್ಲ. ನಿನ್ನ ರಬ್ಬರಿಂದು."

"ಹೌದಮ್ಮ."

"ನಾನು ಜನರ ಕೈ ಹಿಡಿದು ಹಿಡಿದು ಕರೆಂಟಿಗೆ ಕೊಡ್ತಿದ್ದೆ."

ಅಪ್ಪಿ ಬೊಚ್ಚುಬಾಯನ್ನು ಒಮ್ಮೆ ಒಳಗೆಳೆದು ಹೊರಬಿಟ್ಟಳು. "ಹಾಕು ಹಲ್ಲು. ನನ್ನ ಬಾಯಿಗೆ ಅಂತೂ ಬರೂದಿಲ್ಲ, ನಿನ್ನ ಬೋಲ್ಟಿಗಾದ್ರೂ ಬರಲಿ. ಒಂದು ಬಂಗುಡೆ ಉಂಟಾ ಒಳಗೆ?"

ಹಿತೇಶನ ಅಂಗಡಿಯಲ್ಲಿದ್ದ ಹಲ್ಲಿನ ವಾಶರುಗಳೆಲ್ಲ ಆ ಸಂಜೆಯೇ ಟೆರೇಸಿಗೆ ಬಂದವು. ದೂಜ ಕೂಲಿಯವರನ್ನು ಕರೆಯಲಿಲ್ಲ. ತಾನೇ ಸ್ಪ್ಯಾನರು ಹಿಡಿದು ಕೂತ. ಮೊದಲ ಬೋಲ್ಟು ಬಿಗಿಯುವಾಗ ಫ್ರೇಮಿನಿಂದ 'ಕರ್‌ರ್' ಎಂದು ಬಂದ ಸದ್ದಿಗೆ ಅವನು ಕಣ್ಣು ಮುಚ್ಚಿ ಕುಲದೈವವನ್ನು ನೆನೆದ. ಗೀರು ಎಷ್ಟು ದೊಡ್ಡದೆಂದು ತಡೆಯಲಾರದೆ ಒಂದನ್ನು ಮತ್ತೆ ಬಿಚ್ಚಿ ನೋಡಿದ. ಜ್ಯೋತ್ಸ್ನಾ ಆ ವಾಶರನ್ನು ಕಿತ್ತುಕೊಂಡು ಎಸೆದಳು.

"ಒಂದು ಸಲ ಕಚ್ಚಿದ ಮೇಲೆ ಹಲ್ಲು ಮೊಂಡು ಪಪ್ಪಾ. ಬಿಚ್ಚಿದ್ರೆ ಹೊಸದೇ ಹಾಕ್ಬೇಕು. ಗೀರು ನೋಡ್ತಾ ಕೂತ್ರೆ ಅಂಗಡಿ ಖಾಲಿ."

ಎಲ್ಲ ಮುಗಿಯುವ ಹೊತ್ತಿಗೆ ದೂಜನ ಬಲಭುಜ ಉದ್ದಿನ ವಡೆಯಂತೆ ಉಬ್ಬಿ, ಕೈ ತಲೆಯ ಮೇಲೆತ್ತಲಾರದೆ ಜೋತುಬಿದ್ದಿತ್ತು.

ಶನಿವಾರ ಇನ್‌ಸ್ಪೆಕ್ಟರ್ ಅನಿಲ ಬಂದರು. ಬೆಳಗಾವಿಯವರು, ಮರಾಠಿಯಲ್ಲಿ ಗದರಿ ಕನ್ನಡದಲ್ಲಿ ಸಮಾಧಾನ ಮಾಡುವವರು. ಮೀಟರಿನ ಒಂದು ಕಡ್ಡಿಯನ್ನು ನೆಲಕ್ಕೆ ಹೋಗುವ ತಂತಿಗೆ, ಇನ್ನೊಂದನ್ನು ಒಂದೊಂದೇ ಫ್ರೇಮಿಗೆ ಇಟ್ಟು ತಲೆಯಾಡಿಸುತ್ತ ಹೋದರು. "ಜೋಡಣೆ ಝಕಾಸ್ ಆಗೇದ. ಇನ್ನ ಕೆಳಗಿನ ಅರ್ಥಿಂಗ್ ಗುಂಡಿ ತೋರಸ್ರಿ."

ಗುಂಡಿ ಹೋಟೆಲಿನ ಹಿಂಭಾಗದಲ್ಲಿತ್ತು. ತಂತಿ ಬಂದು ಸೇರುವ, ಉಪ್ಪು ಇದ್ದಿಲು ತುಂಬಿದ ಆ ಗುಂಡಿ ಸೂರಿನಡಿಯಲ್ಲಿ ಮಳೆಯೂ ತಾಗದೆ ಬಿರುಕುಬಿಟ್ಟು ಒಣಗಿತ್ತು.

"ಒಣಾ ಮಣ್ಣು ಕರೆಂಟ್ ಕುಡಿಯೂದಿಲ್ಲ. ದಿನಾ ನೀರು ಹಾಕದಿದ್ರ ಮ್ಯಾಲಿನ ಹಲ್ಲೆಲ್ಲಾ ದಂಡ ಅದಾವ. ಎಲ್ಲಾರೂ ಹಾಕ್ತೀವಿ ಅಂತಾರ, ಒಬ್ಬರೂ ಹಾಕೂದಿಲ್ಲ. ಯಾರು ಹಾಕ್ತಾರ ಅಂತ ಒಂದು ಹೆಸರು ಹೇಳ್ರಿ, ಸಹಿ ಮಾಡ್ತೀನಿ."

ದೂಜ ಹೋಟೆಲಿನ ಹುಡುಗರತ್ತ ನೋಡಿದ. ಒಬ್ಬನಿಗೆ ದೋಸೆ ಹೊತ್ತಿತು, ಇನ್ನೊಬ್ಬನಿಗೆ ಫೋನು ಬಂತು. ಅಷ್ಟರಲ್ಲಿ ಮೇಲಿನಿಂದ ಗದ್ದಲ. ಇನ್‌ಸ್ಪೆಕ್ಟರು ಬಂದ ಸುದ್ದಿ ಹಿಡಿದು, ಸ್ವಿಚ್ಚು ಮತ್ತೆ ಹಾಕಿದ್ದಾರೆಂದು ತಿಳಿದು, ಸಾಲಿನವರೆಲ್ಲ ಟೆರೇಸಿಗೆ ನುಗ್ಗಿದ್ದರು. ದೂಜ, ಜ್ಯೋತ್ಸ್ನಾ, ಅನಿಲ ಮೂವರೂ ಹತ್ತಿ ಹೋದರು.

ಸುಂದ್ರವ್ವ ಧೈರ್ಯ ಮಾಡಿ ಒಂದು ಬೆರಳು ಇಟ್ಟಿದ್ದಳು. ಆಮೇಲೆ ಎರಡು. ಆಮೇಲೆ ಎರಡೂ ಅಂಗೈ. "ಏನೂ ಆಗವಲ್ದು! ಡಾಕ್ಟರಮ್ಮಾ, ಇದರಾಗ ಜೀವಾನ ಇಲ್ಲ!"

"ನನ್ನ ಕತ್ತು ಇನ್ನೂ ಅರ್ಧಕ್ಕೇ ನಿಂತಿದೆ ಕಣ್ರೀ," ಎಂದು ಶಾಮಣ್ಣನವರು ದನಿ ಏರಿಸಿದರು. "ಅರ್ಧ ಟ್ರೀಟ್‌ಮೆಂಟಿನಲ್ಲಿ ಕೈ ಬಿಡೋದು ಯಾವ ನ್ಯಾಯ?"

ದೂಜ ತಾಯಿಯ ಮುಖ ನೋಡಲಾರದೆ ನೆಲ ನೋಡಿದ. ಈ ಜನ ಇವತ್ತು ಮೆಟ್ಟಿಲಿಳಿದರೆ ನಾಳೆ ಬರುವುದು ಕಾಗೆಗಳು ಮಾತ್ರ.

ಅಪ್ಪಿ ಸೆರಗು ಸರಿಮಾಡಿಕೊಂಡು ಅನಿಲರ ಮುಂದೆ ಬಂದು ನಿಂತಳು. "ಸಾಹೇಬ್ರೇ, ನೀವು ಓದಿದವರು. ಇದನ್ನು ಮುಟ್ಟಿದರೆ ಈಗ ಎಂತ ಆಗ್ತದೆ, ಇವರಿಗೊಮ್ಮೆ ಹೇಳಿ."

"ಏನೂ ಆಗೂದಿಲ್ಲ ಅಜ್ಜಿ. ಏನ ಬಂದ್ರೂ ತಂತಿ ಹಿಡದು ಸೀದಾ ನೆಲದಾಗ ಹೋಗ್ತದ."

"ಏನು ಬಂದ್ರೂ?"

"ಏನ ಬಂದ್ರೂ."

ಅಪ್ಪಿ ನಿಧಾನವಾಗಿ ಸಾಲಿನತ್ತ ತಿರುಗಿದಳು. ಬೊಚ್ಚುಬಾಯಿ ಕಿವಿಯವರೆಗೆ ಹಿಗ್ಗಿತ್ತು. "ಕೇಳಿದ್ರಾ? ಸರ್ಕಾರದವರ ಬಾಯಲ್ಲೇ ಕೇಳಿದ್ರಾ? ಮೊದಲು ಕರೆಂಟು ನಿಮ್ಮ ಒಳಗೆ ಬರ್ತಿತ್ತು. ಅದು ಹಳೇ ಮದ್ದು, ಹಾರಿಸ್ತದೆ, ಬೀಳಿಸ್ತದೆ. ಈಗ ನಿಮ್ಮ ನೋವು ಹೊರಗೆ ಹೋಗ್ತದೆ. ಇಲ್ಲಿ ಕೈ ಇಟ್ಟರೆ ಹಲ್ಲು ಅದನ್ನು ಹಿಡೀತದೆ, ತಂತಿ ಎಳೀತದೆ, ಕೆಳಗೆ ಗುಂಡಿಗೆ ಹಾಕ್ತದೆ. ಸದ್ದಿಲ್ಲ. ಮದ್ದು ಗಟ್ಟಿ ಆದಷ್ಟು ಸದ್ದು ಕಡಿಮೆ."

ಅನಿಲ ಬಾಯಿ ತೆರೆದರು. ಜ್ಯೋತ್ಸ್ನಾ ಕೈಮುಗಿದಳು. ಅವರು ಬಾಯಿ ಮುಚ್ಚಿದರು.

ಸುಂದ್ರವ್ವ ಮೊಣಕೈಯನ್ನು ಒಮ್ಮೆ ಮಡಚಿ ಬಿಚ್ಚಿದಳು. ಮುಖದ ಮೇಲೆ ಅನುಮಾನ, ಆಮೇಲೆ ಲೆಕ್ಕಾಚಾರ, ಆಮೇಲೆ ಬೆಳಕು. "ಹೌದ್ರಿ ಯವ್ವಾ! ಏನೋ ಇಳದಂಗಾತು! ಆದ್ರ ಆ ಗುಂಡಿ ತುಂಬಿದ್ರ ನೋವು ತಿರುಗಿ ಬರೂದಿಲ್ಲೇನು?"

"ನೀರು ಹಾಕಿ ತೊಳೀಬೇಕು," ಎಂದಳು ಅಪ್ಪಿ ಕಣ್ಣು ಮಿಟುಕಿಸದೆ. "ಚಿಕಿತ್ಸೆ ಆದವರೆಲ್ಲ ಇಳಿದು ಹೋಗಿ ಗುಂಡಿಗೆ ಒಂದೊಂದು ಚೊಂಬು ನೀರು. ಹಾಕದವರ ನೋವು ಮುಂದಿನವರಿಗೆ ಹತ್ತಿಕೊಂಡರೆ ನಾನು ಜವಾಬ್ದಾರಿ ಅಲ್ಲ."

ಅನಿಲ ಮೆಟ್ಟಿಲಿಳಿಯುವಾಗ ಎದುರಿನಿಂದ ಚೊಂಬು, ಬಿಂದಿಗೆ, ಪ್ರೆಶರ್ ಕುಕ್ಕರು ಹಿಡಿದ ಜನ ಹತ್ತುತ್ತಿದ್ದರು. ಗುಂಡಿಯ ಬಳಿ ಬಂದು ನೋಡಿದರೆ ಅದರಲ್ಲಿ ಆಗಲೇ ಎಮ್ಮೆ ಈಜುವಷ್ಟು ನೀರು. ಅಂಚಿಗೆ ಯಾರೋ ಅರಿಶಿನ ಕುಂಕುಮವನ್ನೂ ಇಟ್ಟಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಒದ್ದೆ ಗುಂಡಿ ಕಂಡಿಲ್ಲವೆಂದು ಅವರು ಸಹಿ ಹಾಕಿ, ಕಾಫಿ ಕುಡಿದು ಹೋದರು.

ಅವರನ್ನು ಕಳುಹಿಸಿ ದೂಜ ಭುಜ ಹಿಡಿದುಕೊಂಡು ಟೆರೇಸಿಗೆ ಮರಳಿದ. ಆ ಫ್ರೇಮಿನಲ್ಲಿ ಏನೂ ಇಲ್ಲವೆಂದು ಇಡೀ ಮುಂಬೈಯಲ್ಲಿ ಅವನಷ್ಟು ಖಚಿತವಾಗಿ ಬಲ್ಲವರಿಲ್ಲ. ಒಂದೊಂದು ಬೋಲ್ಟನ್ನೂ ಬಿಗಿದವನೇ ಅವನು. ಆದರೂ ಯಾರೂ ನೋಡುತ್ತಿಲ್ಲವೆಂದುಕೊಂಡು ಮೂಲೆಯ ಪ್ಯಾನೆಲ್ಲಿನತ್ತ ಮೆಲ್ಲಗೆ ಕೈ ಚಾಚಿದ.

"ದೂಜಾ!" ಎಂದು ಅಪ್ಪಿ ಗದರಿದಳು. "ನನ್ನ ಮಗ ಅಂತ ನಡುವೆ ನುಗ್ಗೂದಲ್ಲ. ಚಪ್ಪಲಿ ಬಿಡು. ಸಾಲಿನಲ್ಲಿ ಬಾ. ಚೊಂಬು ಎಲ್ಲುಂಟು?"

ದೂಜ ಚಪ್ಪಲಿ ಬಿಟ್ಟು, ಕೆಳಗಿನಿಂದ ಒಂದು ಚೊಂಬು ತಂದು, ಶಾಮಣ್ಣನವರ ಹಿಂದೆ ನಿಂತ.